ಗುರುವಾರದ ವೆಂಕೋಬರು

ಹೊಸಪೇಟೆಯಿಂದ ಕಂಪ್ಲಿಯವರೆಗೆ ಎಲ್ಲಿ ನಿಂತು ಕಲ್ಲು ಬೀಸಿದರೂ ಅದು ಒಬ್ಬ ವೆಂಕೋಬನಿಗೆ ತಾಗುತ್ತದೆ ಎಂದು ಆ ಕಡೆಯವರು ನಗುತ್ತಾರೆ. ಕಿರಾಣಿ ಅಂಗಡಿಯ ವೆಂಕೋಬ, ಪಂಪ್‌ಸೆಟ್ ರಿಪೇರಿಯ ವೆಂಕೋಬ, ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಸಾಲಾಗಿ ನಾಲ್ಕು ವೆಂಕೋಬರು. ಚಿತ್ತವಾಡ್ಗಿಯ ವಿಜಯಲಕ್ಷ್ಮಿಯ ಗಂಡನೂ ವೆಂಕೋಬನೇ. ಇದರಿಂದ ಬೇರೆ ಯಾವ ಹೆಂಗಸಿಗೂ ತೊಂದರೆಯಿರಲಿಲ್ಲ. ಆದರೆ ವಿಜಯಲಕ್ಷ್ಮಿ ರೇಡಿಯೋದಲ್ಲಿ ಹಾಡು ಕೇಳಿ ಬರೆದವರ ಹೆಸರು ಓದುವವಳು.

ಅವಳದು ಕಾಯಂ ನೌಕರಿಯಲ್ಲ. ತಿಂಗಳಿಗೆ ಆರು ಡ್ಯೂಟಿ. ತಿಂಗಳ ಕೊನೆಗೆ ಗೋಡೆಗೆ ಚಾರ್ಟ್ ಅಂಟಿಸುತ್ತಿದ್ದರು. ಅದರಲ್ಲಿ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಗುರುವಾರ ಮಧ್ಯಾಹ್ನದ ‘ಹಾಡಿನ ಅಂಚೆ’ ಅವಳದೇ ಆಗಿತ್ತು. ಮೊದಲ ಗುರುವಾರ ಅವಳು ‘ಕಂಪ್ಲಿಯಿಂದ ವೆಂಕೋಬ’ ಎಂದು ಓದಿ ಮನೆಗೆ ಬಂದಾಗ ಅತ್ತೆ ಸುಭದ್ರಾಬಾಯಿ ಮಾಡಿದ ಅಡುಗೆ ಮುಚ್ಚಿಟ್ಟು, ಗೋಡೆಗೆ ಮುಖ ಮಾಡಿ ಕೂತಿದ್ದರು.

“ಊಟ ಮಾಡ್ಲಿಲ್ಲೇನ್ರೀ ಅತ್ತೀ?”

“ಹೆಂಗ ಮಾಡ್ಲಿ? ಗಂಡನ ಹೆಸರು ಬಾಯಿ ಬಿಟ್ಟು ಅಂದ್ಯಲ್ಲ, ಅದೂ ನಾಕು ತಾಲೂಕಿಗೆ ಕೇಳೋ ಹಂಗ!”

“ಅವರು ಕಂಪ್ಲಿಯವರು. ನಮ್ಮವರಲ್ಲ.”

“ಆಯುಷ್ಯ ಬರದಿಟ್ಟವಗ ಕಂಪ್ಲಿ ಯಾವುದು, ಚಿತ್ತವಾಡ್ಗಿ ಯಾವುದು ಗೊತ್ತಾಗ್ತದೇನು? ಹೆಂಡ್ತಿ ಬಾಯಾಗ ಹೆಸರು ಬಂತು, ಅವ ಗೀಟು ಹಾಕ್ದ. ಅಷ್ಟ.”

ವೆಂಕೋಬ ಕೈ ತೊಳೆಯುತ್ತ ನಕ್ಕ. ಅವನು ಪಾಪಿನಾಯಕನಹಳ್ಳಿ ಹತ್ತಿರದ ಒಂದು ಅದಿರು ಯಾರ್ಡಿನಲ್ಲಿ ಕಾಟಾದ ಮೇಲಿದ್ದ. ಲಾರಿ ಖಾಲಿ ಬಂದಾಗ ಒಮ್ಮೆ, ಮಣ್ಣು ತುಂಬಿಕೊಂಡು ಹೋಗುವಾಗ ಒಮ್ಮೆ ತೂಗಿ ಚೀಟಿ ಹರಿದು ಕೊಡುವುದು. ಸಂಜೆ ಅವನ ಮೈ ತೊಳೆದ ನೀರು ಬಚ್ಚಲಲ್ಲಿ ಕುಂಕುಮ ಕಲಸಿದಂತೆ ಹರಿಯುತ್ತಿತ್ತು.

“ಅಮ್ಮಗ ಹುಚ್ಚು,” ಎಂದ. “ಆದ್ರ ಆಕಿ ಊಟ ಬಿಟ್ರ ನನಗ ತುತ್ತು ಇಳಿಯೂದಿಲ್ಲ. ಹೇಳಬ್ಯಾಡ, ಮುಗೀತು.”

ಅಂದಿನಿಂದ ವಿಜಯಲಕ್ಷ್ಮಿ ಒಂದು ಉಪಾಯ ಮಾಡಿದಳು. ಕಾರ್ಡಿನಲ್ಲಿ ‘ಹುಲುಗಪ್ಪ, ದುರುಗಣ್ಣ, ಎರ್ರಿಯಪ್ಪ, ವೆಂಕೋಬ’ ಎಂದಿದ್ದರೆ ‘ಹುಲುಗಪ್ಪ, ದುರುಗಣ್ಣ, ಎರ್ರಿಯಪ್ಪ ಮತ್ತು ಗೆಳೆಯರು’ ಎಂದು ಓದುವುದು. ಹೀಗೆ ಏಳು ತಿಂಗಳು ಸಾಗಿತು. ಸಂಡೂರಿನಿಂದ ಹಂಪಿಯವರೆಗಿನ ವೆಂಕೋಬರೆಲ್ಲ ಯಾರಿಗೂ ಗೊತ್ತಾಗದಂತೆ ‘ಗೆಳೆಯರು’ ಆಗಿಹೋದರು.

ಗೊತ್ತಾದದ್ದು ಅದೇ ಕಂಪ್ಲಿಯ ವೆಂಕೋಬನಿಗೆ. ಅವನು ರೇಡಿಯೋ ಕೇಂದ್ರದ ಸಾಹೇಬರಿಗೇ ಕಾರ್ಡ್ ಬರೆದ: ‘ಹನ್ನೊಂದು ಕಾರ್ಡ್ ಹಾಕಿದೀನಿ. ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗರ ಹೆಸರೆಲ್ಲ ಓದುತ್ತೀರಿ. ನನ್ನದು ನುಂಗುತ್ತೀರಿ. ನಾನು ನಿಮಗೆ ಏನು ಮಾಡಿದ್ದೆ ಅಕ್ಕಾರೇ?’

ಸಾಹೇಬರು ಕಾರ್ಡನ್ನು ಅವಳ ಮುಂದಿಟ್ಟರು. ಕಾರಣ ಕೇಳಿದರು. ಅವಳು ಕಾಲ ಹೆಬ್ಬೆರಳು ನೋಡುತ್ತ ನಿಂತಳೇ ಹೊರತು ಹೇಳಲಿಲ್ಲ. ಹೇಳಬೇಕೆಂದರೂ ಗಂಡನ ಹೆಸರಿನಿಂದಲೇ ಸುರು ಮಾಡಬೇಕಿತ್ತಲ್ಲ!

“ಹೆಸರು ಓದೂದ ಕೆಲಸ ಇದು, ಮೇಡಂ,” ಎಂದರು ಸಾಹೇಬರು. “ಬರೋ ಗುರುವಾರ ಓದ್ರಿ. ಇಲ್ಲಾಂದ್ರ ಮುಂದಿನ ಚಾರ್ಟಿನ್ಯಾಗ ಬ್ಯಾರೆಯವರನ್ನ ಹಾಕ್ತೀನಿ.”

ಅಂದು ರಾತ್ರಿಯ ಅಡುಗೆಗೆ ಸೌತೆಕಾಯಿ ಹೆಚ್ಚುತ್ತ ಅವಳು ಅತ್ತೆಯ ಮುಂದೆ ವಿಷಯ ತೆಗೆದಳು. ನಾದಿನಿ ಅರ್ಚಿತಾ ಪಿಯುಸಿಯ ಪುಸ್ತಕ ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು.

“ಅಮ್ಮ, ನಮ್ಮ ಕ್ಲಾಸಿನ ಹುಡುಗ್ಯಾರು ಮದುವಿಗಿಂತ ಮೊದಲ ಗಂಡ ಆಗಾವನ ಹೆಸರು ಕೂಗ್ತಾರ. ಯಾರೂ ಸತ್ತಿಲ್ಲ.”

“ನೀ ಸುಮ್ನಿರು.” ಸುಭದ್ರಾಬಾಯಿ ಒಗ್ಗರಣೆ ಆಡಿಸುತ್ತಿದ್ದ ಸೌಟು ಕೆಳಗಿಟ್ಟರು. “ದವಾಖಾನ್ಯಾಗ ಚೀಟಿ ಬರಿಯಾವ ಕೇಳ್ದ, ಪೇಷಂಟ್ ಹೆಸರೇನು ಅಂತ. ನಿಮ್ಮಪ್ಪ ಒಳಗ ಕಣ್ಣು ಮುಚ್ಚಿ ಮಲಗಿದ್ರು. ಜೊತಿಗೆ ಯಾರೂ ಗಂಡಸರಿಲ್ಲ. ಇಪ್ಪತ್ತೆರಡು ವರ್ಷ ಅನ್ನದೇ ಇದ್ದ ಹೆಸರು, ಬಾಯಿ ಬಿಟ್ಟು ಅಂದೆ. ಮೂರನೇ ದಿನ ಕುಂಕುಮ ಹೋತು. ನಿಮಗಿದು ಕಥಿ. ನನಗ ಕಥಿ ಅಲ್ಲ.”

ಒಲೆಯ ಮೇಲೆ ಒಗ್ಗರಣೆ ಸೀದು ಹೋಯಿತು.

ಕೇಂದ್ರದಲ್ಲಿ ಅವಳ ಕಷ್ಟ ಗೊತ್ತಿದ್ದದ್ದು ಧ್ವನಿಮುದ್ರಣ ನೋಡಿಕೊಳ್ಳುವ ಹುಸೇನಪ್ಪನಿಗೆ ಮಾತ್ರ. ಬಿಡುವಿನಲ್ಲಿ ಹಂಪಿಯ ಗೆಸ್ಟ್ ಹೌಸುಗಳ ಸ್ಪೀಕರ್ ರಿಪೇರಿ ಮಾಡುತ್ತಿದ್ದವನು. ಕಂಪ್ಯೂಟರಿನಲ್ಲಿ ಮಾತು ಕತ್ತರಿಸುವುದು, ಅಂಟಿಸುವುದು, ಉಸಿರಿನ ಸದ್ದು ತೆಗೆಯುವುದು, ಎಲ್ಲವನ್ನೂ ಅವಳು ಅವನ ಬೆನ್ನ ಹಿಂದೆ ನಿಂತು ನೋಡಿಯೇ ಕಲಿತಿದ್ದಳು. ಅವನೇ ಕೊಟ್ಟ ಸಿಡಿಯಿಂದ ಮನೆಯ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿಕೊಂಡು, ಅರ್ಚಿತಾ ಕಾಲೇಜಿಗೆ ಹೋದ ಹೊತ್ತಿನಲ್ಲಿ ತಾಳ ಜೋಡಿಸುತ್ತಿದ್ದಳು. ಡುಂ ಡುಂ ಡುಂ ಡುಂ, ನಾಲ್ಕು ಏಟು, ನಿಲ್ಲದೆ; ಅದರ ಮೇಲೆ ಒಂದೊಂದೇ ಸದ್ದು ಏರುವುದು, ಇಳಿಯುವುದು. ಹಂಪಿಯ ವಿದೇಶಿಗಳು ಕುಣಿಯುವ ಇದಕ್ಕೆ ಹೌಸ್ ಮ್ಯೂಸಿಕ್ ಎನ್ನುತ್ತಾರೆ ಎಂದು ಹುಸೇನಪ್ಪ ಹೇಳಿದ್ದ. ಅತ್ತೆ ಕೇಳಿದಾಗ ಅವಳು ಅದನ್ನೇ ಹೇಳಿದಳು. “ಮನಿ ಸಂಗೀತ ಅಂದ್ರ ಮನ್ಯಾಗ ಕೂತು ಮಾಡೋದು. ಛಲೋ ಆತು, ಹೊರಗ ಅಡ್ಡಾಡೂದು ತಪ್ಪಿತು,” ಎಂದು ಅವರು ಒಪ್ಪಿದ್ದರು.

“ಅಕ್ಕಾರ, ನಿಮ್ಮ ಬಾಯಿಲೆ ಅನಬಾರದು, ಅಷ್ಟ ತಾನ?” ಎಂದ ಹುಸೇನಪ್ಪ. “ಆ ಹೆಸರು ಅನಾಕ ಹಕ್ಕು ಇರೋರು ಮನ್ಯಾಗ ಯಾರದಾರ?”

“ಅತ್ತಿ. ಹಡೆದಾಕಿ.”

“ಮತ್ತ? ಅವರ ಕೈಲೇ ಅನಿಸ್ರಿ.”

ಅವಳು ಸಣ್ಣ ರೆಕಾರ್ಡರನ್ನು ಬೇಳೆ ಡಬ್ಬಿಯ ಹಿಂದೆ ಇಟ್ಟಳು. ಸುಭದ್ರಾಬಾಯಿ ದಿನವೂ ತಟ್ಟೆ ಹಾಕಿ ಮಗನನ್ನು ಕರೆಯುವ ರೀತಿ ಓಣಿಗೆಲ್ಲ ಗೊತ್ತು: “ವೆಂಕೋ…ಬಾ! ಊಟಕ್ಕ ಬಾರೋ, ಅನ್ನ ಆರ್ತದ!” ನಡುವಿನ ‘ಕೋ’ ಗಾಳಿಪಟದ ಹಾಗೆ ಮೇಲೇರಿ, ಕೊನೆಯ ‘ಬಾ’ ಧಡಕ್ಕನೆ ನೆಲಕ್ಕೆ ಬೀಳುತ್ತಿತ್ತು.

ಆ ಗುರುವಾರ ವಿಜಯಲಕ್ಷ್ಮಿ ಮೈಕಿಗೆ ಬಾಯಿಟ್ಟು ಓದಿದಳು: “ಕಂಪ್ಲಿಯಿಂದ ಹಾಡು ಕೇಳಿ ಬರೆದಿದ್ದಾರೆ…” ಹುಸೇನಪ್ಪ ಗುಂಡಿ ಒತ್ತಿದ. “ವೆಂಕೋ…ಬಾ!” ಎಂದರು ಸುಭದ್ರಾಬಾಯಿ, ನಾಲ್ಕು ತಾಲೂಕಿಗೆ ಕೇಳುವ ಹಾಗೆ.

ಕೇಂದ್ರಕ್ಕೆ ಫೋನಿನ ಮೇಲೆ ಫೋನು. ಮುಂದಿನ ವಾರ ಅರವತ್ತು ಕಾರ್ಡ್ ಬಂದವು. ಹುಲುಗಪ್ಪಂದಿರೂ ದುರುಗಣ್ಣಂದಿರೂ ತಮ್ಮ ಹೆಸರನ್ನು ವೆಂಕೋಬ ಎಂದೇ ಬರೆದು ಕಳಿಸಿದ್ದರು. ಸಾಹೇಬರು ನಕ್ಕು ಚಾರ್ಟಿನಲ್ಲಿ ಅವಳ ಹೆಸರು ಉಳಿಸಿದರು.

ಆ ಗುರುವಾರ ಸಂಜೆ ಮನೆಗೆ ಬಂದರೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಯಾರೇ ಅದು, ನನ್ನಂಗ ಒದರಾಕಿ?”

“ನೀವ ಅತ್ತೀ.”

ಬೈಗುಳಕ್ಕೆಂದು ತೆರೆದ ಅವರ ಬಾಯಿ ಹಾಗೆಯೇ ನಿಂತಿತು. ಅಷ್ಟರಲ್ಲಿ ಸೊಪ್ಪು ಮಾರುವ ನಿಂಗಕ್ಕ ಬಾಗಿಲಿಗೆ ಬಂದು, “ಬಾಯಾರ, ರೇಡಿಯೋದಾಗ ಬಂದ್ರಿ! ನಮ್ಮ ಓಣ್ಯಾಗ ಎಲ್ಲಾರೂ ಕೇಳಿದ್ವಿ. ಮಸ್ತ್ ದನಿ ಐತಿ ನಿಮ್ಮದು,” ಎಂದು ಒಂದು ಕಟ್ಟು ಮೆಂತ್ಯ ಹೆಚ್ಚಾಗಿ ಕೊಟ್ಟಳು. ಸುಭದ್ರಾಬಾಯಿ ಸೆರಗು ಸರಿಮಾಡಿಕೊಂಡರು.

“ಸ್ವಲ್ಪ ಗಂಟಲ ಕಟ್ಟಿತ್ತು ಅವತ್ತು,” ಎಂದರು.

ಅದು ಅಲ್ಲಿಗೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರೋ ಏನೋ. ಆದರೆ ವಿಜಯಲಕ್ಷ್ಮಿಯ ಕಿವಿಯಲ್ಲಿ ಆ ‘ಕೋ’ ಸುತ್ತುತ್ತಲೇ ಇತ್ತು. ಎರಡು ವಾರ ಮಧ್ಯಾಹ್ನದ ಮುಸುರೆ ಮುಗಿಸಿ ಕೂತು ಅದರ ಕೆಳಗೆ ನಾಲ್ಕೇಟಿನ ತಾಳ ಇಟ್ಟಳು. ಒಳಕಲ್ಲಿನ ಗುಡುಗು, ಕುಕ್ಕರಿನ ಸಿಳ್ಳು, ತಟ್ಟೆ ನೆಲಕ್ಕಿಡುವ ಸದ್ದು ಸೇರಿಸಿದಳು. ಅತ್ತೆಯ ದನಿ ಮೂರು ನಿಮಿಷ ತಡೆದು ತಡೆದು, ‘ವೆಂ… ವೆಂ… ವೆಂಕೋ…’ ಎಂದು ಕಟ್ಟೆ ಕಟ್ಟಿ, ‘ಬಾ!’ ಎನ್ನುತ್ತಲೇ ತಾಳವೆಲ್ಲ ಒಮ್ಮೆಗೇ ಒಡೆದು ಹರಿಯುವಂತೆ ಮಾಡಿದಳು. ಮೂರು ಸಲ ಹಾಕಿ ಕೇಳಿದಳು. ಇಂಥದೊಂದು ತನ್ನ ಕೈಯಿಂದ ಆಯಿತೆಂದು ಅವಳಿಗೇ ನಂಬಿಕೆಯಾಗಲಿಲ್ಲ.

ಅರ್ಚಿತಾ ಅದನ್ನು ಸಿಡಿಗೆ ಹಾಕಿಕೊಂಡು ಕಾಲೇಜಿಗೆ ಒಯ್ದಳು. ಕಾಲೇಜಿನಿಂದ ಅದು ಬಸ್ ಸ್ಟ್ಯಾಂಡ್ ಹತ್ತಿರದ ಮಾಲತೇಶನ ಸಿಡಿ ಅಂಗಡಿಗೆ ಹೋಯಿತು, ಅಂಗಡಿಯಿಂದ ಲಾರಿಗಳಿಗೆ. ಆ ವರ್ಷ ರಸ್ತೆಯಲ್ಲಿ ಮನುಷ್ಯರಿಗಿಂತ ಲಾರಿಗಳೇ ಹೆಚ್ಚಿದ್ದವು. ಮೂರು ವಾರಗಳಲ್ಲಿ ಸಂಡೂರಿನ ಗುಡ್ಡ ಇಳಿಯುವ ಡ್ರೈವರುಗಳೆಲ್ಲ ಸುಭದ್ರಾಬಾಯಿಯ ಕೂಗಿಗೆ ತಲೆ ಕುಣಿಸುತ್ತಿದ್ದರು.

ಒಂದು ಸಂಜೆ ವೆಂಕೋಬ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ.

“ಯಾರು ಮಾಡಿದ್ದು ಅದು?”

ಅರ್ಚಿತಾ ಪುಸ್ತಕ ಮುಖಕ್ಕೆ ಹಿಡಿದಳು.

“ಕಾಟಾ ಮ್ಯಾಲೆ ಒಬ್ಬೊಬ್ಬನೂ ಲಾರಿ ನಿಲ್ಲಿಸಿ ಹಾರ್ನ್ ಹೊಡೀತಾನ. ‘ವೆಂಕೋಬಾ, ಊಟಕ್ಕ ಬಾರೋ’ ಅಂತಾನ. ಕ್ಲೀನರ್‌ಗಳು ಸೈತ! ಮ್ಯಾನೇಜರ್ ಕರದು, ‘ಏನ್ರೀ, ನಿಮ್ಮನ್ನ ಇನ್ನೂ ಅಮ್ಮ ತುತ್ತು ಮಾಡಿ ಉಣಿಸ್ತಾರೇನು’ ಅಂದ.”

“ಅಂದ್ರ ಅನ್ಲಿ ಬಿಡೋ,” ಎಂದರು ಸುಭದ್ರಾಬಾಯಿ. “ಹಡೆದಾಕಿ ಕರದ್ರ ತಪ್ಪೇನು?”

“ನೀ ಕರದದ್ದು ತಪ್ಪಲ್ಲಮ್ಮ. ಅದನ್ನ ಸಂತಿಗಿಟ್ಟದ್ದು ತಪ್ಪು.” ಹೆಂಡತಿಯ ಕಡೆ ತಿರುಗಿದ. “ನಾಳಿಂದ ಅದನ್ನ ಮುಟ್ಟಬ್ಯಾಡ. ರೇಡಿಯೋ ಡ್ಯೂಟೀನೂ ಸಾಕು.”

“ಡ್ಯೂಟಿ ಏನು ಮಾಡ್ತು?” ಎಂದಳು ವಿಜಯಲಕ್ಷ್ಮಿ.

“ಸಾಕು ಅಂದೆ.”

ಐದು ದಿನ ಕಂಪ್ಯೂಟರಿನ ಮೇಲೆ ಬೆಡ್‌ಶೀಟ್ ಹೊದಿಸಿತ್ತು. ಆರನೆಯ ದಿನ ಮಾಲತೇಶ್ ಪೇಢೆ ಡಬ್ಬಿ ಹಿಡಿದುಕೊಂಡು ಮನೆಗೇ ಬಂದ. ವಿಜಯಲಕ್ಷ್ಮಿ ನೀರು ತಂದಿಟ್ಟಳು. ಅವನು ಲೋಟ ತೆಗೆದುಕೊಂಡನೇ ಹೊರತು ಅವಳ ಮುಖ ನೋಡಲಿಲ್ಲ.

“ಅಣ್ಣಾರ, ಇಂಥಾವು ಇನ್ನೂ ಐದು ಮಾಡಿ ಕೊಡ್ರಿ. ಕವರ್ ಕಲರ್ ಪ್ರಿಂಟ್ ಹಾಕಿಸ್ತೀನಿ. ಹಂಪಿ ಗೆಸ್ಟ್ ಹೌಸಿನವ್ರು ಜೀವ ತಿನ್ನಾಕತ್ಯಾರ, ಯಾರ್ರೀ ಈ ವೆಂಕೋಬ, ಕರಕೊಂಡು ಬರ್ರಿ ಅಂತ.”

“ಮಾಡಿದ್ದು…” ಎಂದು ವೆಂಕೋಬ ಸುರು ಮಾಡಿ ನಿಲ್ಲಿಸಿದ.

“ಹೆಣ್ಣುಮಕ್ಕಳ ಹೆಸರು ಕವರಿನ ಮ್ಯಾಲೆ ಬ್ಯಾಡ್ರಿ. ನಿಮ್ಮ ಹೆಸರಿಗೆ ಈಗ ಮಾರ್ಕೆಟ್ ಐತಿ. ‘ಡಿಜೆ ವೆಂಕೋಬ’ ಅಂತ ಹಾಕೂಣು. ಹೆಂಗ?”

ಐದು ದಿನ ಯಾವ ಹೆಸರಿಗೆ ನಾಚಿ ತಲೆ ತಗ್ಗಿಸಿಕೊಂಡು ಓಡಾಡಿದ್ದನೋ ಅದೇ ಹೆಸರನ್ನು ವೆಂಕೋಬ ಈಗ ಹೊಸ ಅಂಗಿಯಂತೆ ತೊಟ್ಟು ನೋಡಿದ. ಹಿಡಿಸಿತು. ಬೆಡ್‌ಶೀಟನ್ನು ಅವನೇ ತೆಗೆದ. ಡ್ಯೂಟಿ ಬಿಡುವ ಮಾತನ್ನೂ ಮತ್ತೆ ಎತ್ತಲಿಲ್ಲ.

ಮುಂದಿನ ತಿಂಗಳು ವಿಜಯಲಕ್ಷ್ಮಿ ಮನೆಯಿಂದ ಹೊರಬಿದ್ದದ್ದು ಆ ಆರು ಡ್ಯೂಟಿಗಷ್ಟೇ. ಉಳಿದ ಹೊತ್ತೆಲ್ಲ ಕಂಪ್ಯೂಟರು, ಒಲೆ, ಮತ್ತೆ ಕಂಪ್ಯೂಟರು. ಅತ್ತೆ ಮಡಿ ಬಟ್ಟೆ ಹಿಂಡುತ್ತಲೇ, “ಇನ್ನೊಮ್ಮೆ ಒದರಲೇನು? ಈ ಸಲ ಎಳದು ಅನ್ಲೋ, ಮೊಟಕು ಮಾಡ್ಲೋ?” ಎಂದು ಕೇಳುತ್ತಿದ್ದರು. ಭಾನುವಾರಗಳಂದು ವೆಂಕೋಬ ಕಪ್ಪು ಕನ್ನಡಕ ಹಾಕಿಕೊಂಡು ಹಂಪಿಗೆ ಹೋಗುತ್ತಿದ್ದ. ಅಲ್ಲಿ ಸಿಡಿ ಹಾಕಿ, ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು, ಒಂದು ಕೈ ಮೇಲೆತ್ತಿ ನಿಂತರಾಯಿತು.

“ನಿನ್ನೆ ಒಬ್ಬ ವಿದೇಶಿ ಹಾರ ಹಾಕ್ದ,” ಎಂದ ಒಂದು ಸೋಮವಾರ, ಉಪ್ಪಿಟ್ಟು ತಿನ್ನುತ್ತ.

“ಅಣ್ಣ, ಹೆಡ್‌ಫೋನಿನ ವೈರ್ ಎಲ್ಲೂ ಚುಚ್ಚಿರಲಿಲ್ಲಂತಲ್ಲ?” ಎಂದಳು ಅರ್ಚಿತಾ. “ನನ್ನ ಫ್ರೆಂಡಿನ ಅಣ್ಣ ನೋಡ್ಯಾನ.”

“ತಿನ್ನೂದು ನೋಡು.”

ವಿಜಯಲಕ್ಷ್ಮಿ ಅವನ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಹಾಕಿದಳು. “ಕವರಿನ ಹಿಂದರ ನನ್ನ ಹೆಸರು ಸಣ್ಣಗ ಹಾಕಸ್ರಿ,” ಎಂದಳು.

“ಮನಿ ಒಂದ, ಹೆಸರು ಯಾರದಾದ್ರೇನು?”

“ಒಂದ ಆದ್ರ ನಂದ ಹಾಕಸ್ರಿ.”

ಅವನು ತಲೆಯೆತ್ತಿ ನೋಡಿದ. ಅತ್ತೆ, “ಉಪ್ಪಿಟ್ಟಿಗೆ ಉಪ್ಪು ಕಡಿಮಿ ಅದ,” ಎಂದು ಮಾತು ಬದಲಿಸಿದರು.

ಸಿಡಿ ಹೊರಬಂದ ವಾರ ಸಾಹೇಬರು ಅವಳನ್ನು ಕರೆದರು. “ಗುರುವಾರ ಕಾರ್ಡ್ ಬ್ಯಾಡ, ಮೇಡಂ. ಡಿಜೆ ವೆಂಕೋಬ ಅವರ ಜೋಡಿ ಅರ್ಧ ತಾಸು ಸಂದರ್ಶನ, ಲೈವ್. ನಿಮ್ಮ ಚಿತ್ತವಾಡ್ಗಿಯವರಂತ. ನಿಮಗ ಪರಿಚಯ ಅದಾರೇನು?”

“ಅದಾರ,” ಎಂದಳು.

ಮೂರು ದಿನ ಮನೆಯಲ್ಲಿ ಅದೇ ಪಾಠ. ಪ್ರಶ್ನೆಯನ್ನೂ ಅವಳೇ ಬರೆದಳು, ಉತ್ತರವನ್ನೂ ಅವಳೇ ಬರೆದಳು. ವೆಂಕೋಬ ಸ್ನಾನಕ್ಕೆ ಹೋದಲ್ಲಿ, ಊಟಕ್ಕೆ ಕೂತಲ್ಲಿ, “ನಿಮಿಷಕ್ಕೆ ನೂರಾ ಇಪ್ಪತ್ನಾಲ್ಕು ಏಟು, ನಿಮಿಷಕ್ಕೆ ನೂರಾ ಇಪ್ಪತ್ನಾಲ್ಕು ಏಟು,” ಎಂದು ಬಾಯಿಪಾಠ ಮಾಡಿದ.

ಗುರುವಾರ ಇಬ್ಬರೂ ಒಂದೇ ಬೈಕಿನಲ್ಲಿ ಕೇಂದ್ರಕ್ಕೆ ಹೋದರು. ಗಾಜಿನಾಚೆ ಹುಸೇನಪ್ಪ ಕೂತಿದ್ದ. ಕೆಂಪು ದೀಪ ಹತ್ತಿತು.

ಮೊದಲ ಇಪ್ಪತ್ತು ನಿಮಿಷ ಕಾಗದದಲ್ಲಿದ್ದ ಹಾಗೆಯೇ ನಡೆಯಿತು. ಅವಳು ಅವನನ್ನು ‘ನಮ್ಮ ಅತಿಥಿಗಳು’ ಎಂದಳು, ಅವನು ಅವಳನ್ನು ‘ಮೇಡಂ’ ಎಂದ. ನೂರಾ ಇಪ್ಪತ್ನಾಲ್ಕು ಏಟು ಎಂಬುದೂ ಸರಿಯಾಗಿ ಬಂತು. ಅದರಿಂದ ವೆಂಕೋಬನಿಗೆ ಧೈರ್ಯ ಬಂದು, ಕಾಗದದಲ್ಲಿ ಇಲ್ಲದ್ದನ್ನೂ ಸೇರಿಸಿದ: “ಸಣ್ಣಾಂವಿದ್ದಾಗಿಂದ ನನಗ ಸಂಗೀತದ ಹುಚ್ಚು, ಮೇಡಂ. ಹಗಲೂ ರಾತ್ರಿ ಕೂತು ಮಾಡೀನಿ. ಒಬ್ಬವನ.”

ವಿಜಯಲಕ್ಷ್ಮಿ ಕಾಗದವನ್ನು ಮಗುಚಿಟ್ಟಳು.

“ಒಬ್ಬರೇ?”

“ಹೂಂ… ಒಬ್ಬವನ.”

“ಹಾಗಾದರೆ ಹೇಳಿ. ಆ ಕೂಗಿಗೆ ಮುಂಚೆ ತಾಳ ಒಂದು ಕ್ಷಣ ಪೂರ್ತಿ ನಿಲ್ಲುತ್ತದಲ್ಲ, ಅಲ್ಲಿ ಬಹಳ ಸಣ್ಣದಾಗಿ ಒಂದು ಸದ್ದಿದೆ. ಅದು ಯಾವುದರದು?”

ವೆಂಕೋಬ ಅವಳನ್ನು ನೋಡಿದ. ಅವನಿಗೆ ಗೊತ್ತಿರಲಿಲ್ಲ. ಅದು ಅವಳ ಬಳೆಯ ಸದ್ದು.

“ಅದು… ಮನ್ಯಾಗ ಎಲ್ಲಾರೂ ಸ್ವಲ್ಪ ಸ್ವಲ್ಪ ಸಹಾಯ ಮಾಡ್ತಾರ, ಮೇಡಂ.”

“ಯಾರು? ಹೆಸರು ಹೇಳಿ.”

ರೇಡಿಯೋದಲ್ಲಿ ಮೌನವೆಂದರೆ ದೊಡ್ಡ ಅಪರಾಧ. ಹತ್ತು ಸೆಕೆಂಡ್ ದಾಟಿದರೆ ಯಂತ್ರ ಕೆಟ್ಟಿದೆಯೆಂದು ತಿಳಿದು ಆಚೆಯಿಂದ ವಾದ್ಯ ಸಂಗೀತ ಹಾಕಬೇಕು. ಹುಸೇನಪ್ಪನ ಕೈ ಗುಂಡಿಯ ಹತ್ತಿರ ಹೋಗಿ, ಅಲ್ಲೇ ನಿಂತಿತು. ಗೋಡೆಯ ಗಡಿಯಾರದ ಮುಳ್ಳು ನಾಲ್ಕು ಸೆಕೆಂಡ್ ದಾಟಿತು, ಐದು ದಾಟಿತು. ಅವಳ ಹೆಸರು ಹೇಳಿದರೆ ಯಾರ ಆಯುಷ್ಯವೂ ಕಡಿಮೆಯಾಗುತ್ತಿರಲಿಲ್ಲ. ಕಡಿಮೆಯಾಗುತ್ತದೆಂದು ಯಾವ ಮುದುಕಿಯೂ ಎಲ್ಲಿಯೂ ಹೇಳಿರಲಿಲ್ಲ.

ವೆಂಕೋಬ ಅವಳ ಮುಖ ಬಿಟ್ಟು ಗಾಜಿನ ಕಡೆ ತಿರುಗಿದ. “ಹಾಡು ಹಾಕ್ರಿ, ಮೇಡಂ,” ಎಂದ.

ವಿಜಯಲಕ್ಷ್ಮಿ ಮೈಕಿನ ಹತ್ತಿರ ಸರಿದಳು.

“ಹಾಕುತ್ತೇನೆ. ಕೇಳುಗರೇ, ನನ್ನ ಎದುರು ಕೂತವರು ನನ್ನ ಗಂಡ. ಅವರ ಹೆಸರು ವೆಂಕೋಬ. ಈ ಹಾಡುಗಳನ್ನು ಮಾಡಿದವಳು ನಾನು, ವಿಜಯಲಕ್ಷ್ಮಿ. ಈಗ ಹಾಡು.”

ಹುಸೇನಪ್ಪ ಗುಂಡಿ ಒತ್ತಿದ. ಕೆಂಪು ದೀಪ ಆರಿತು. ವೆಂಕೋಬ ಸಿಟ್ಟಾಗುತ್ತಾನೆಂದು ಅವಳು ಕಾದಳು. ಅವನು ಸಿಟ್ಟಾಗಲಿಲ್ಲ. ಬಿಳುಚಿಕೊಂಡಿದ್ದ. ಒಂದು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದ, ಅಲ್ಲಿ ಏನಾದರೂ ನಿಂತಿದೆಯೇ ನಡೆದಿದೆಯೇ ಎಂದು ನೋಡುವವನಂತೆ.

ಕೇಂದ್ರದಿಂದ ಮನೆಗೆ ಹತ್ತು ನಿಮಿಷದ ದಾರಿ. ಆ ದಿನ ಮುಕ್ಕಾಲು ತಾಸು ಹಿಡಿಯಿತು. ದಿನವೂ ಲಾರಿಗಳ ಸಂದಿಯಲ್ಲಿ ಸುಂಯ್ಯನೆ ನುಗ್ಗುವವನು ಅಂದು ಎದುರಿಗೊಂದು ಲಾರಿ ಕಂಡರೆ ಸಾಕು, ರಸ್ತೆ ಬಿಟ್ಟು ಕೆಂಪು ಧೂಳಿಗಿಳಿದು ಎರಡೂ ಕಾಲು ನೆಲಕ್ಕೂರಿ ನಿಲ್ಲುತ್ತಿದ್ದ.

“ಹೋಗ್ರೀ, ಜಾಗ ಅದಲ್ಲ,” ಎಂದಳು ಒಮ್ಮೆ.

“ಇರ್ಲಿ, ಅದು ಹೋಗ್ಲಿ,” ಎಂದ. ಅಮ್ಮನ ಮಾತಿಗೆ ಹುಚ್ಚೆಂದು ನಕ್ಕವನೇ ಅವನು.

ಸುಭದ್ರಾಬಾಯಿ ಮೆಟ್ಟಿಲ ಮೇಲೆ ನಿಂತಿದ್ದರು. ಒಳಗೆ ರೇಡಿಯೋ ತನ್ನಷ್ಟಕ್ಕೆ ಕೃಷಿ ವಾರ್ತೆ ಹೇಳುತ್ತಿತ್ತು. ಅವರು ಬಯ್ಯಲಿಲ್ಲ. ಮಗನ ಭುಜದಿಂದ ಮೊಣಕೈವರೆಗೆ, ಮೊಣಕೈಯಿಂದ ಬೆರಳಿನವರೆಗೆ ಸವರಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

“ಇಷ್ಟು ದಿನ ಇವನ ಜೀವ ನಾ ಕಾದೆ. ಅನಬಾರದ್ದು ಅಂದಾಕಿ ನೀ. ಇನ್ನ ನೀ ಕಾಯಿ.”

ಅಷ್ಟೇ. ಆ ಮೇಲೆ ಯಾರೂ ಏನೂ ಕಿತ್ತುಕೊಳ್ಳಲಿಲ್ಲ. ಮುಂದಿನ ತಿಂಗಳ ಚಾರ್ಟಿನಲ್ಲಿ ಅವಳ ಹೆಸರು ಆರು ಸಲವೂ ಇತ್ತು. ಮಾಲತೇಶ್ ಉಳಿದ ಸಿಡಿಗಳ ಮೇಲೆಲ್ಲ ‘ಸಂಗೀತ: ವಿಜಯಲಕ್ಷ್ಮಿ’ ಎಂಬ ಚೀಟಿ ಅಂಟಿಸಿದ, ಜಗಳದಿಂದ ಮಾಲು ಇನ್ನೂ ಜೋರು ಹೋಗುತ್ತಿದೆಯೆಂದು ಹೇಳಿ ಕಳಿಸಿದ. ಹಂಪಿಯವರು ಅವಳನ್ನೇ ಕರೆದರು. ವೆಂಕೋಬ ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನು ಬೆಳಿಗ್ಗೆ ಕಾಟಾಕ್ಕೆ ಹೊರಡುವಾಗ ಬಾಗಿಲಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದ.

ಅವಳು ಹೊಸ ಹಾಡಿಗೆ ಕೂತಳು. ಐದೂವರೆಯವರೆಗೆ ಚೆನ್ನಾಗಿ ಸಾಗುತ್ತಿತ್ತು. ಆಮೇಲೆ ಕಿವಿ ತಾನಾಗಿ ರಸ್ತೆಗೆ ಹೋಗುತ್ತಿತ್ತು. ಸಾವಿರ ಲಾರಿಗಳ ನಡುವೆ ಅವನ ಬೈಕಿನ ಸದ್ದನ್ನು ಅವಳ ಕಿವಿ ಹೆಕ್ಕುತ್ತಿತ್ತು. ಅದು ಸಿಗುವವರೆಗೆ ಕೈ ಒಂದು ಏಟನ್ನೂ ಇನ್ನೊಂದಕ್ಕೆ ಕೂಡಿಸುತ್ತಿರಲಿಲ್ಲ. ನಂಬುವುದಿಲ್ಲ ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಅಷ್ಟೇ. ಹಂಪಿಯವರು ಕರೆದ ಭಾನುವಾರಗಳು ಒಂದೊಂದಾಗಿ ಕಳೆದುಹೋದವು. ಡ್ಯೂಟಿ ಬಿಟ್ಟರೆ, ಅವನನ್ನು ಕಣ್ಣಿಂದ ದೂರ ಮಾಡಿ ಅವಳು ಎಲ್ಲಿಗೂ ಹೋಗಲಾರದವಳಾಗಿದ್ದಳು.

ಒಂದು ದಿನ ಅವನು ಒಂದು ತಾಸು ತಡವಾಗಿ ಬೈಕ್ ನೂಕಿಕೊಂಡು ಬಂದ. ವಿಜಯಲಕ್ಷ್ಮಿ ಬರಿಗಾಲಲ್ಲಿ, ಕೈಗೆ ಹತ್ತಿದ ಚಪಾತಿ ಹಿಟ್ಟಿನೊಂದಿಗೆ ನಡುರಸ್ತೆಯಲ್ಲಿ ನಿಂತಿದ್ದಳು. ಲಾರಿಗಳು ಅವಳನ್ನು ಸುತ್ತು ಹಾಕಿ ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು.

“ಪಂಚರ್,” ಎಂದ ಅವನು.

ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಸುಭದ್ರಾಬಾಯಿ ಗೋಡೆಗೆ ಒರಗಿ, ಕಾಲು ಚಾಚಿ, ನಿಶ್ಚಿಂತೆಯಿಂದ ಅವಲಕ್ಕಿ ತಿನ್ನುತ್ತಿದ್ದರು.